ತೋಳಿನ ಗಂಟು

ವಾಷಿಂಗ್ ಮಷೀನು ಕೆಟ್ಟಿತೆಂದರೆ ತಿರುಗುವುದನ್ನು ನಿಲ್ಲಿಸಿತು ಎಂದೇ ಎಲ್ಲರ ಮನೆಯಲ್ಲೂ ಅರ್ಥ. ಈ ಮನೆಯದು ಮಾತ್ರ ಉಲ್ಟಾ. ಯಾರೂ ಹೇಳದೆ, ಯಾರೂ ಮುಟ್ಟದೆ, ತಾನಾಗಿ ತಿರುಗತೊಡಗಿತು. ಅದೂ ಹಾಡಹಗಲು ಎರಡೂಕಾಲು ಗಂಟೆಗೆ, ಮೂರನೇ ಮಹಡಿಯ ಆ ಮನೆಯಲ್ಲಿ ಅಜ್ಜಿ ಮತ್ತು ಎರಡು ವರ್ಷದ ಮೊಮ್ಮಗಳು ಇಬ್ಬರೇ ಇದ್ದಾಗ.

ಅಜ್ಜಿ ಆಗಷ್ಟೇ ಮಗುವನ್ನು ಮಲಗಿಸಿ ತಾನೂ ಕಾಲು ಚಾಚಿದ್ದಳು. ಮಗುವಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು. ಎಚ್ಚರವಿದ್ದಷ್ಟು ಹೊತ್ತು ನಿಂತಲ್ಲಿ ನಿಲ್ಲದ ಜೀವ ಅದು, ಮಲಗಿದರೆ ಮಾತ್ರ ಮನೆಗೆ ಉಸಿರು. ಬಚ್ಚಲ ಕಡೆಯಿಂದ ಮೊದಲು 'ಟಕ್' ಎಂದಿತು. ಆಮೇಲೆ ನೀರು ತುಂಬುವ ಸದ್ದು. ಅದರ ಹಿಂದೆಯೇ ಆ ಪರಿಚಿತ ಗುರ್ ಗುರ್. ಸೊಸೆ ಬೇಗ ಬಂದಿರಬೇಕು ಎಂದುಕೊಂಡು ಅಜ್ಜಿ, "ಬಂದ್ಯೇನಮ್ಮ?" ಎಂದು ಕೂಗಿದಳು. ಉತ್ತರವಿಲ್ಲ. ಎದ್ದು ನೋಡಿದರೆ ಮುಂಬಾಗಿಲ ಚಿಲಕ ಒಳಗಿನಿಂದ ಹಾಕಿದ್ದು ಹಾಕಿದಂತೆಯೇ ಇತ್ತು.

ಮಷೀನು ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಮುಂದುಗಡೆ ಗಾಜಿನ ದುಂಡು ಬಾಗಿಲು. ಮಾಸಿದ ಬಟ್ಟೆಯನ್ನು ದಿನವಿಡೀ ಅದರೊಳಕ್ಕೇ ತುರುಕುವುದು, ಸಂಜೆ ಸೊಸೆ ಕೆಲಸದಿಂದ ಬಂದು ಪುಡಿ ಹಾಕಿ ಗುಂಡಿ ಒತ್ತುವುದು, ಇದು ಮನೆಯ ರೂಢಿ. ಅಜ್ಜಿ ಬಗ್ಗಿ ನೋಡಿದಳು. ಗಾಜಿನ ಹಿಂದೆ ಮಗನ ಬೂದು ಅಂಗಿ ಸುತ್ತುತ್ತಿತ್ತು. ಮೇಲೇರಿ ಬಂದು, ಗಾಜಿಗೆ ಒಮ್ಮೆ ಒತ್ತಿಕೊಂಡು, ದೊಪ್ಪನೆ ಕೆಳಗೆ ಬೀಳುತ್ತಿತ್ತು. ಅದರ ಎರಡು ತೋಳುಗಳನ್ನು ಎದೆಯ ಮುಂದೆ ತಂದು ಗಂಟು ಹಾಕಲಾಗಿತ್ತು. ಎರಡು ಸುತ್ತು, ಎಡದ ಮೇಲೆ ಬಲ, ತುದಿ ಒಳಕ್ಕೆ ತುರುಕಿದ ಗಂಟು.

ಅಜ್ಜಿ ಅಲ್ಲೇ ಗಾಜಿನ ಮುಂದೆ ನೆಲದ ಮೇಲೆ ಕೂತಳು.

ಆ ಗಂಟು ಏನೆಂದು ಈ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು. ಮೂವತ್ತೊಂದು ವರ್ಷ ಅವಳು ದೊಡ್ಡಾಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಮಾಡಿದವಳು. ವಾರ್ಡಿನಿಂದ ಬಟ್ಟೆಯ ರಾಶಿ ಕೆಳಗಿಳಿದಾಗ, ತಂದವನು ಯಾವುದಾದರೂ ಒಂದನ್ನು ಬೇರೆ ತೆಗೆದು, "ಇವರು ಹೋದ್ರು" ಎನ್ನುತ್ತಿದ್ದ. ಸತ್ತವರ ಆ ಅಂಗಿಯನ್ನು ಉಳಿದವರ ಬಟ್ಟೆಯೊಂದಿಗೆ ಬೆರೆಸುವಂತಿಲ್ಲ. ಚೀಟಿ ಅಂಟಿಸಿದರೆ ನೀರಿಗೆ ಹೋಗುತ್ತದೆ. ಅದಕ್ಕೇ ತೋಳಿಗೆ ತೋಳು ಸೇರಿಸಿ ಗಂಟು. ಎಲ್ಲ ಮುಗಿದ ಮೇಲೆ ಅದೊಂದನ್ನೇ ತೊಳೆದು, ಗಂಟು ಬಿಚ್ಚಿ, ಮಡಚಿ, ಹೊರಗೆ ಕಾದು ಕೂತ ಮನೆಯವರ ಕೈಗೆ ಕೊಡುವುದು. ಎಷ್ಟು ಸಾವಿರ ಗಂಟು ಹಾಕಿದ್ದಳೋ ಲೆಕ್ಕವಿಟ್ಟವರಿಲ್ಲ. ಮನೆಯಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಅಂಥ ಮಾತನ್ನು ಯಾರು ತಾನೇ ಊಟದ ಮೇಜಿಗೆ ತರುತ್ತಾರೆ?

ಮಷೀನು ನಿಂತು ಬಾಗಿಲು ಬಿಟ್ಟುಕೊಂಡ ಕೂಡಲೇ ಅವಳು ಮೊದಲು ಆ ಗಂಟು ಬಿಚ್ಚಿದಳು. ಆಮೇಲೆ ಮಗನಿಗೆ ಫೋನು ಮಾಡಿದಳು.

"ಎಲ್ಲಿದ್ದೀಯಪ್ಪ?"

"ಲಿಫ್ಟ್ ಮೇಲಿದ್ದೀನಮ್ಮ. ಹನ್ನೊಂದನೇ ಮಹಡಿ. ಏನಾಯ್ತು?"

"ಏನಿಲ್ಲ. ಹುಷಾರು."

"ಹುಷಾರಾಗೇ ಇದ್ದೀನಿ. ನೀನು ಹೀಗೆ ಫೋನ್ ಮಾಡಿದ್ರೆ ಮಾತ್ರ ಕೈ ಜಾರತ್ತೆ," ಎಂದು ನಕ್ಕು ಅವನು ಫೋನಿಟ್ಟ. ಅಜ್ಜಿ ನಗಲಿಲ್ಲ.

ಸಂಜೆ ಸೊಸೆ ಬಂದವಳೇ ಬಟ್ಟೆ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಪರರ ಕಣ್ಣು ನೋಡುವ ಕೆಲಸ ಅವಳದು. ಸಣ್ಣದೂ ಅವಳ ಕಣ್ಣು ತಪ್ಪುತ್ತಿರಲಿಲ್ಲ.

"ಅತ್ತೆ, ಮಷೀನ್ ಹಾಕಿದ್ರಾ? ಪುಡಿನೇ ಹಾಕಿಲ್ಲ."

"ನಾನು ಹಾಕ್ಲಿಲ್ಲಮ್ಮ. ತಾನೇ ಶುರುವಾಯ್ತು."

ಊಟಕ್ಕೆ ಕೂತಾಗ ಈ ಮಾತು ಮಗನ ಕಿವಿಗೂ ಬಿತ್ತು. ಲಿಫ್ಟು ರಿಪೇರಿ ಅವನ ಕೆಲಸ, ಊರಿನ ಅರ್ಧದಷ್ಟು ಲಿಫ್ಟುಗಳು ಅವನ ಮಾತು ಕೇಳಿ ಏರಿ ಇಳಿಯುತ್ತಿದ್ದವು. ಯಂತ್ರದ ವಿಷಯದಲ್ಲಿ ಅವನ ಮೇಲೆ ಮಾತಾಡುವವರು ಮನೆಯಲ್ಲಿರಲಿಲ್ಲ.

"ಯಂತ್ರ ತಾನಾಗಿ ಶುರುವಾಗಲ್ಲಮ್ಮ. ಯಾರೋ ಗುಂಡಿ ಒತ್ತಿರ್ಬೇಕು."

"ಬುಗುರಿ ಮಲಗಿದ್ಲು. ನಾನು ಒತ್ತಲಿಲ್ಲ. ಇನ್ಯಾರು ಒತ್ತೋದು?"

"ಒತ್ತಿ ಮರ್ತಿರ್ಬೋದು."

"ಐವತ್ತು ಕೆಜಿ ಬಟ್ಟೆ ಹಿಡಿಯೋ ಮಷೀನು ನಡೆಸಿದವಳು ನಾನು. ಇಷ್ಟುದ್ದದ ಡಬ್ಬಿ ಒತ್ತಿ ಮರೆಯೋಕೆ ನನಗೇನು ಅರಳುಮರಳಾ?"

 ಅಲ್ಲವೇ ಅಲ್ಲ ಎಂದು ಯಾರಾದರೂ ಥಟ್ಟನೆ ಅನ್ನುತ್ತಾರೆಂದು ಅಜ್ಜಿ ಕಾದಳು. ಕೊನೆಗೆ ಅಂದವಳು ಹದಿಮೂರು ವರ್ಷದ ದೊಡ್ಡ ಮೊಮ್ಮಗಳು. ಅವಳ ವಾದ ಕೇಳಿ ಕೇಳಿ ಮನೆಯವರು ಅವಳಿಗೆ ವಕೀಲಮ್ಮ ಎಂದೇ ಹೆಸರಿಟ್ಟಿದ್ದರು.

"ಸಾಕ್ಷಿ ಇಲ್ಲದೆ ಅಜ್ಜಿ ಮೇಲೆ ಹಾಕ್ಬೇಡಿ. ಮಷೀನೇ ಕೆಟ್ಟಿರ್ಬೋದು."

"ಅನ್ನ ತಿನ್ನು," ಎಂದಳು ಅವಳ ಅಮ್ಮ.

ಭಾನುವಾರ ಮಗ ಮಷೀನಿನ ಬೆನ್ನು ಬಿಚ್ಚಿದ. ತಿರುಪುಗಳನ್ನೆಲ್ಲ ಮೊಟ್ಟೆ ಬೇಯಿಸುವ ಪಾತ್ರೆಗೆ ಹಾಕಿಕೊಂಡು, ಟೆಸ್ಟರ್ ಹಿಡಿದು, ಬೆವರೊರೆಸಿಕೊಂಡು, ಎರಡು ತಾಸು ಅದರ ಹೊಟ್ಟೆಯೊಳಗೇ ಇದ್ದ. ಬುಗುರಿ ಒಂದು ತಿರುಪನ್ನು ಬಾಯಿಗೆ ಹಾಕಿಕೊಂಡು ಮನೆಯವರನ್ನೆಲ್ಲ ಓಡಾಡಿಸಿದ್ದೂ ಆಯಿತು. ಎಲ್ಲ ಮುಗಿಸಿ ಅವನು ಎದ್ದು ನಿಂತು, "ಒಂದು ಕೂದಲೆಳೆಯಷ್ಟೂ ದೋಷ ಇಲ್ಲ," ಎಂದು ತೀರ್ಪು ಕೊಟ್ಟ. ತನಗೆ ಯಂತ್ರ ಗೊತ್ತು ಎಂಬುದನ್ನು ತೋರಿಸುವ ಹುರುಪಿನಲ್ಲಿ, ಅದರ ಇನ್ನೊಂದು ಅರ್ಥ ಅಮ್ಮನಿಗೆ ಹೇಗೆ ತಾಗುತ್ತದೆಂದು ಅವನಿಗೆ ಹೊಳೆಯಲಿಲ್ಲ. "ಇನ್ಮೇಲೆ ಕೆಲಸ ಆದ ಕೂಡಲೇ ಗೋಡೆ ಸ್ವಿಚ್ ಆರಿಸಿಬಿಡಿ. ಆಗ ನೋಡೋಣ, ಹೇಗೆ ತಿರುಗತ್ತೋ."

ಆ ಸ್ವಿಚ್ಚನ್ನು ಗೋಡೆಗೆ ಕೂರಿಸಿದ್ದೂ ಅವನೇ.

ಮುಂದಿನ ಗುರುವಾರ ಅಜ್ಜಿ ಬುಗುರಿಯನ್ನು ಎತ್ತಿಕೊಂಡು ಕೆಳಗಿನ ಮನೆಯ ಹೊಲಿಗೆಯವಳ ಹತ್ತಿರ ಹೋಗಿದ್ದಳು. ಮಗುವಿನ ಚಡ್ಡಿಗೆ ಇಲಾಸ್ಟಿಕ್ ಹಾಕಿಸಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಂತೆ, ಬೀಗ ಹಾಕಿದ ಬಾಗಿಲ ಆಚೆಯಿಂದಲೇ ಕೇಳಿಸಿತು. ಗುರ್, ದೊಪ್. ಗುರ್, ದೊಪ್.

"ಅಜ್ಜಿ, ಯಾಲು?" ಎಂದು ಬುಗುರಿ ಕೇಳಿದಳು.

ಯಾರೆಂದು ಹೇಳುವುದು? ಅಜ್ಜಿ ಬೀಗ ತೆಗೆದು ಒಳಗೆ ಹೋದಳು. ಗೋಡೆಯ ಸ್ವಿಚ್ಚು ಆರಿಸಿದ ಹಾಗೇ ಇತ್ತು. ಮಷೀನಿನ ದೀಪ ಮಾತ್ರ ಉರಿಯುತ್ತಿತ್ತು. ಅವಳು ಸ್ವಿಚ್ಚನ್ನು ಮೇಲೆ ಒತ್ತಿದಳು, ಕೆಳಗೆ ಒತ್ತಿದಳು. ಅದು ಕೇಳಲಿಲ್ಲ. ಗಾಜಿನ ಹಿಂದೆ ಈ ಸಲ ಸೊಸೆಯ ಅಂಗಡಿಯ ನೀಲಿ ಕೋಟು ಕೈ ಕಟ್ಟಿಕೊಂಡು ತಿರುಗುತ್ತಿತ್ತು. ಎರಡು ಸುತ್ತು, ಎಡದ ಮೇಲೆ ಬಲ.

ಮೊದಲು ಮಗ, ಈಗ ಸೊಸೆ. ಯಾರೋ ಮನೆಯವರನ್ನು ಒಬ್ಬೊಬ್ಬರನ್ನಾಗಿ ಗುರುತು ಹಾಕಿಡುತ್ತಿದ್ದಾರೆ ಎಂದು ಅಜ್ಜಿಗೆ ಖಚಿತವಾಯಿತು. ಆಸ್ಪತ್ರೆಯಲ್ಲಿ ಅವಳ ಜೊತೆ ಇಸ್ತ್ರಿ ಹಾಕುತ್ತಿದ್ದ ಹಿರಿಯಳೊಬ್ಬಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಈ ಗಂಟನ್ನು ಹೀಗೆ ತುದಿ ತುರುಕಿ ಹಾಕುವುದನ್ನು ಅಜ್ಜಿಗೆ ಕಲಿಸಿದವಳು ಅವಳೇ. ಆ ಮಧ್ಯಾಹ್ನ ಬಚ್ಚಲ ಇಕ್ಕಟ್ಟಿನಲ್ಲಿ, ಬಿಸಿ ಇಸ್ತ್ರಿಯ ಕೆಳಗೆ ಒದ್ದೆ ಹತ್ತಿ ಬಟ್ಟೆ ಸುಡುವ ಹಳೆಯ ವಾಸನೆ ಬಂದಂತಾಯಿತು. ಸ್ವಲ್ಪ ಹೊತ್ತಿಗೆ ಅದು ನಿಜವಾದ ವಾಸನೆಯೇ ಎಂದು ತಿಳಿಯಿತು. ಅಡುಗೆಮನೆಯಲ್ಲಿ ಒಲೆಯ ಮೇಲಿನ ಆಲೂಗಡ್ಡೆ ಸೀದು ಇದ್ದಿಲಾಗಿತ್ತು.

"ಒಲೆ ಹಚ್ಚಿಟ್ಟು ಕೆಳಗೆ ಹೋಗಿದ್ಯಾ?" ಎಂದು ಮಗ ಕೇಳಿದ.

"ಬಂದು ಹಚ್ಚಿದ್ದಿರ್ಬೇಕು. ಮಷೀನ್ ಗಾಬರಿಗೆ ಮರ್ತೆ."

"ಸ್ವಿಚ್ ಆರ್ಸಿದ್ರೂ ತಿರುಗ್ತಿತ್ತು ಅಂತೀಯ. ಬಾ, ತೋರಿಸ್ತೀನಿ." ಅವನು ಹೋಗಿ ಸ್ವಿಚ್ಚನ್ನು ಫಟ್ಟೆಂದು ಕುಟ್ಟಿದ. ಮಷೀನಿನ ದೀಪ ಆರಿತು. ಮತ್ತೆ ಕುಟ್ಟಿದ, ಹತ್ತಿತು. "ನೋಡ್ದ್ಯಾ?"

ನೋಡಿದಳು. ನೋಡದೆ ಏನು ಮಾಡುವುದು?

ಅಂದು ಪಾತ್ರೆ ತಿಕ್ಕುವಾಗ ಗಂಡ ಹೆಂಡತಿ ನಲ್ಲಿ ಬಿಟ್ಟುಕೊಂಡು ಮಾತಾಡಿದರು. ನಲ್ಲಿ ನೀರಿನ ಸದ್ದಿನಲ್ಲಿ ಮಾತು ಮುಚ್ಚಿಹೋಗುತ್ತದೆ ಎಂದುಕೊಂಡವರು, ಮೂವತ್ತೊಂದು ವರ್ಷ ನೀರಿನ ಸದ್ದಿನಲ್ಲೇ ಮಾತು ಕೇಳಿಸಿಕೊಂಡವಳು ಮನೆಯಲ್ಲಿದ್ದಾಳೆಂಬುದನ್ನು ಮರೆತಿದ್ದರು.

"ಬುಗುರಿನ ಡೇ ಕೇರ್‌ಗೆ ಹಾಕೋಣ. ಅಮ್ಮ ಸ್ವಲ್ಪ ದಿನ ಅಕ್ಕನ ಮನೇಲಿರ್ಲಿ."

"ಬುಗುರಿ ಬಿಟ್ರೆ ಅತ್ತೆಗೆ ಏನಿದೆ ರೀ?"

"ಅವಳು ಬುಗುರಿನ ಎಲ್ಲಾದ್ರೂ ಬಿಟ್ಟು ಮರ್ತ್ರೆ?"

ಸೊಸೆ ಕೊನೆಯ ತಟ್ಟೆ ತೊಳೆದಿಟ್ಟಳು. ನಲ್ಲಿ ನಿಂತಿತು.

ಅಜ್ಜಿ ಹಾಸಿಗೆಯ ಅಂಚಿನಲ್ಲಿ ಕಲ್ಲಾಗಿ ಕೂತಿದ್ದಳು. ಬೆಳಿಗ್ಗೆ ಎಂಟೂವರೆಗೆ ಮೂವರೂ ಹೊರಟ ಮೇಲೆ ಬಾಗಿಲು ಹಾಕಿಕೊಂಡು, ಬುಗುರಿಯ ಬಾಯಿಗೆ ಬ್ರೆಡ್ಡು ಹಾಲು ತುರುಕುತ್ತ, ಅವಳ ಹಿಂದೆ ಓಡಿ ಸುಸ್ತಾಗಿ, ಬೈದು, ಮುದ್ದಿಸಿ, ಮಲಗಿಸುವ ಆ ಒಂಬತ್ತು ತಾಸುಗಳೇ ಅವಳ ಬದುಕು. ಕೆಲಸ ಬಿಟ್ಟ ಮೇಲೆ ಕೈಗೆ ಸಿಕ್ಕ ಕೆಲಸ ಅದೊಂದೇ. ಅದನ್ನೂ ಕಿತ್ತುಕೊಂಡರೆ ತಾನು ಮಗಳ ಮನೆಯ ಹೊರಕೋಣೆಯಲ್ಲಿ ಮಡಚಿಟ್ಟ ಕಂಬಳಿಯಂತೆ ಬಿದ್ದಿರಬೇಕು. ಅವಳಿಗೆ ಅಳು ಬಂತು. ಮೂಗೊರೆಸಿಕೊಂಡು ಮಲಗಿದಳು.

ಮರುವಾರ ಮಷೀನು ತಿರುಗಿದಾಗ ಅದರೊಳಗೆ ಬುಗುರಿಯ ಕೆಂಪು ಫ್ರಾಕು ಇತ್ತು. ಗೇಣುದ್ದದ ತೋಳುಗಳು. ಅಷ್ಟು ಗಿಡ್ಡ ತೋಳಿಗೆ ಎರಡು ಸುತ್ತು ಹಾಕಲು ಬಲು ನುರಿತ ಕೈ ಬೇಕು. ಮಕ್ಕಳ ವಾರ್ಡಿನ ಬಟ್ಟೆ ಬಂದಾಗ ಲಾಂಡ್ರಿಯ ಎಷ್ಟೋ ಹೆಂಗಸರು ಅದನ್ನು ಅಜ್ಜಿಯ ಕಡೆಗೇ ತಳ್ಳುತ್ತಿದ್ದರು, ತಮ್ಮ ಕೈಯಲ್ಲಾಗದು ಎಂದು. ಬಾಗಿಲು ಬಿಡುವವರೆಗೂ ಅಜ್ಜಿ ಬುಗುರಿಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಮಗು ಕೊಸರಾಡಿತು, ಅತ್ತಿತು, ಆದರೂ ಕೆಳಗಿಳಿಸಲಿಲ್ಲ.

ಮಾರನೆಯ ಬೆಳಿಗ್ಗೆ ಸೊಸೆ ಬುಗುರಿಗೆ ಬೂಟು ಹಾಕುತ್ತಿದ್ದಳು. ಅಂಗಡಿಗೆ ಹೋಗುವ ಮೊದಲು ಅವಳಿಗೆ ಡೇ ಕೇರ್ ಒಂದನ್ನು ತೋರಿಸಿಕೊಂಡು ಬರುವ ಯೋಚನೆ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಮಗು ಹೊರಗೆ ಹೋಗೋದು ಬೇಡ."

"ಯಾಕೆ ಅತ್ತೆ?"

"ಬೇಡ ಅಂದ್ರೆ ಬೇಡ."

"ಕಾರಣ ಹೇಳಿ."

"ಹೇಳೋ ಹಾಗಿದ್ರೆ ಹೇಳ್ತಿರ್ಲಿಲ್ವಾ? ನಾಲ್ಕು ದಿನ ಕಳೀಲಿ. ಮೆಟ್ಟಿಲು, ರಸ್ತೆ, ಬಸ್ಸು, ಏನೂ ಬೇಡ. ನನ್ನ ಕಣ್ಣೆದುರು ಇರ್ಲಿ."

ಮಗ ಒಳಗಿನಿಂದ ಬಂದ. "ಅಮ್ಮ, ದಾರಿ ಬಿಡು. ಇದೇ ನೋಡು ನಾನು ಹೇಳಿದ್ದು," ಎಂದು ಹೆಂಡತಿಯ ಕಡೆ ತಿರುಗಿದ. "ಮಷೀನು ನೆಟ್ಟಗಿದೆ. ನೆಟ್ಟಗಿಲ್ದೇ ಇರೋದು ಬೇರೆ."

ಮಾತು ಬಾಯಿಂದ ಬಿದ್ದ ಮೇಲೆ ಅವನೇ ಗೋಡೆ ನೋಡಿದ. ಬುಗುರಿ ಒಂದೇ ಬೂಟಿನಲ್ಲಿ ನಿಂತು ಎಲ್ಲರ ಮುಖ ನೋಡಿತು. ಸ್ಕೂಲಿಗೆ ಹೊರಟಿದ್ದ ವಕೀಲಮ್ಮನ ಮುಖ ಬಿಳಿಚಿಕೊಂಡಿತ್ತು. ಅಪರೂಪಕ್ಕೆ ಅವಳು ಯಾರ ಪರವಾಗಿಯೂ ವಾದಿಸಲಿಲ್ಲ.

ಸೊಸೆಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೆಷ್ಟೋ ಗಂಡನ ಮೇಲೂ ಅಷ್ಟೇ. "ಇಬ್ರೂ ಸುಮ್ನಿರಿ. ನಾಳೆ ಹೊರಗಿನವರನ್ನ ಕರೆಸ್ತೀನಿ. ಮಷೀನಲ್ಲಿ ದೋಷ ಇದ್ರೆ ಡೇ ಕೇರ್ ಮಾತು ಯಾರೂ ಎತ್ತಬಾರ್ದು. ಇಲ್ಲ ಅಂದ್ರೆ," ಎಂದು ಬುಗುರಿಯ ಬೂಟು ಬಿಚ್ಚುತ್ತ, "ಇಲ್ಲ ಅಂದ್ರೆ ಅತ್ತೆ, ನೀವು ನಮ್ಮ ಮಾತು ಕೇಳ್ಬೇಕು."

"ಆಗ್ಲಿ," ಎಂದಳು ಅಜ್ಜಿ.

ರಿಪೇರಿಯವನು ಕುಳ್ಳಗೆ, ಮಾತಿನಮಲ್ಲ. ಬಂದವನೇ ಟೀ ಕೇಳಿದ, ಕುಡಿದ, ಆಮೇಲೆ ಮಷೀನಿಗೆ ಕಿವಿಯಿಟ್ಟು ಕೂತ. ಮಗ ಕೈಕಟ್ಟಿಕೊಂಡು ಹಿಂದೆ ನಿಂತಿದ್ದ.

"ನಾನೇ ಎಲ್ಲ ಬಿಚ್ಚಿ ನೋಡಿದ್ದೀನಿ."

"ಹಿಂದುಗಡೆ ನೋಡಿದ್ದೀರಿ ಸಾರ್. ಕಾಯಿಲೆ ಮುಂದುಗಡೆ ಇದೆ." ಅವನು ಗುಂಡಿಗಳ ಪಟ್ಟಿಯನ್ನು ಕಿತ್ತು ತೋರಿಸಿದ. ಪುಡಿ ಹಾಕುವ ಗೂಡಿನಿಂದ ನೀರು ಒಸರಿ, ಒಳಗಿನ ಬೋರ್ಡು ಹಸಿರು ಪಾಚಿ ಕಟ್ಟಿದಂತಾಗಿತ್ತು. "ಇಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಬರತ್ತಾ?"

"ವಾರಕ್ಕೊಂದ್ಸಲ, ಎರಡು ಗಂಟೆ ಹೊತ್ತಿಗೆ. ಹತ್ತು ನಿಮಿಷ," ಎಂದಳು ಸೊಸೆ.

"ಹಾಗಾದ್ರೆ ಸರಿ. ಕರೆಂಟ್ ಬಂದ ಕೂಡ್ಲೇ, ಯಾರೋ ಗುಂಡಿ ಒತ್ತಿದ್ರು ಅಂತ ಇದಕ್ಕೆ ಭ್ರಮೆ."

"ಸ್ವಿಚ್ ಆರ್ಸಿದ್ರೂ?" ಎಂದು ಮಗ ಬಿಡಲಿಲ್ಲ.

ರಿಪೇರಿಯವನು ಗೋಡೆಯ ಸ್ವಿಚ್ಚು ಬಿಚ್ಚಿದ. ಒಳಗೆ ತಾಮ್ರ ಕರಗಿ ಕಪ್ಪಾಗಿತ್ತು. "ಆರ್ಸಿದ್ರೂ ಒಳಗೆ ಅಂಟ್ಕೊಂಡೇ ಇರತ್ತೆ. ಜೋರಾಗಿ ಕುಟ್ಟಿದ್ರೆ ಬಿಡತ್ತೆ, ಮೆತ್ತಗೆ ಒತ್ತಿದ್ರೆ ಇಲ್ಲ. ಇಷ್ಟು ಭಾರದ ಮಷೀನಿಗೆ ದೀಪದ ಸ್ವಿಚ್ ಹಾಕಿದ್ದಾರಲ್ಲ, ಯಾವ ಪುಣ್ಯಾತ್ಮ ಸಾರ್ ಇದನ್ನ ಕೂರ್ಸಿದ್ದು?"

ಪುಣ್ಯಾತ್ಮ ಕೆಮ್ಮಿದ. ಸೊಸೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ಅಜ್ಜಿ ಮೆಲ್ಲಗೆ ಹತ್ತಿರ ಬಂದಳು. "ಒಂದು ಕೇಳ್ತೀನಪ್ಪ. ಬಟ್ಟೆ ತೋಳು ಗಂಟು ಬೀಳತ್ತಲ್ಲ, ಅದೂ ಮಷೀನಿಂದೇನಾ?"

"ಮಾಮೂಲು ಅಜ್ಜಿ. ಎಡಕ್ಕೊಂದ್ಸಲ ಬಲಕ್ಕೊಂದ್ಸಲ ತಿರುಗುವಾಗ ಹೆಣ್ಕೊಳ್ಳತ್ತೆ. ನಮ್ಮನೇಲಿ ಪ್ಯಾಂಟು ಅಂಗಿ ಕುಸ್ತಿ ಹಿಡ್ದಿರ್ತವೆ."

"ತುದಿ ಒಳಗೆ ತುರುಕಿರತ್ತಾ?"

ಅವನು ಜೋರಾಗಿ ನಕ್ಕ. "ಅಷ್ಟು ಕೆಲಸ ಬಂದ್ರೆ ಇದನ್ನ ನನ್ನ ಜೊತೇಲೇ ಕರ್ಕೊಂಡು ಹೋಗ್ತೀನಿ."

ಹೊಸ ಬೋರ್ಡು ಬಂತು, ಹೊಸ ಸ್ವಿಚ್ಚು ಬಂತು. ಮಗ ಅಂದು ಸಂಜೆ ಅಮ್ಮನ ತಟ್ಟೆಗೆ ತಾನೇ ಅನ್ನ ಬಡಿಸಿ, "ತಪ್ಪಾಯ್ತಮ್ಮ," ಎಂದ. ಅವನ ಬಾಯಿಂದ ಆ ಮಾತು ಕೇಳಿ ಅಜ್ಜಿಗೆ ಸಮಾಧಾನವಾಗುವುದಿರಲಿ, ಪಾಪ ಎನ್ನಿಸಿತು. "ಹೋಗ್ಲಿ ಬಿಡೋ. ಲಿಫ್ಟ್‌ಗಾದ್ರೂ ಸರಿಯಾದ ಸ್ವಿಚ್ ಹಾಕ್ತೀಯ ತಾನೇ?" ಎಂದಳು. ಮನೆಯೆಲ್ಲ ನಕ್ಕಿತು. ವಕೀಲಮ್ಮನೊಬ್ಬಳು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು.

ಎರಡು ವಾರ ಮಷೀನು ಹೇಳಿದ ಮಾತು ಕೇಳಿಕೊಂಡು ಬಿದ್ದಿತ್ತು. ಮಧ್ಯಾಹ್ನ ಎರಡೂಕಾಲಾದಾಗ ಅಜ್ಜಿಯ ಕಿವಿ ತಾನಾಗಿ ನಿಮಿರುತ್ತಿತ್ತು, ಸದ್ದಿಲ್ಲ. ಸಂಜೆ ಸೊಸೆ ಒಗೆದು ತೆಗೆದ ಬಟ್ಟೆಯಲ್ಲಿ ಗಂಟಿನ ಸುಳಿವಿಲ್ಲ. ಎಲ್ಲ ಆ ಹಾಳು ಬೋರ್ಡಿನ ಕಿತಾಪತಿ, ತನಗೆ ಬರೀ ಹಳೆಯ ನೆನಪಿನ ಭಯ ಎಂದು ಅಜ್ಜಿ ತನ್ನನ್ನು ತಾನೇ ಬೈದುಕೊಂಡಳು. ಮೈ ಹಗುರಾಯಿತು. ಬುಗುರಿಯ ಹಿಂದೆ ಓಡುವಾಗ ಮಂಡಿನೋವೂ ಮರೆತುಹೋಗುತ್ತಿತ್ತು.

ಶನಿವಾರ ಮಧ್ಯಾಹ್ನ ದೊಡ್ಡವಳು ಮನೆಯಲ್ಲಿದ್ದಳು. ಬುಗುರಿ ಪಕ್ಕದಲ್ಲೇ ಮಲಗಿತ್ತು. ಮಂಚದ ಮೇಲೆ ಒಣಗಿದ ಬಟ್ಟೆಯ ಗುಡ್ಡೆ ಹಾಕಿಕೊಂಡು ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಮಡಚುತ್ತಿದ್ದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅಜ್ಜಿ ಖುಷಿಯಲ್ಲಿದ್ದಳು, ಆಸ್ಪತ್ರೆಯ ಬಾಯ್ಲರಿನವನಿಗೆ ಒಮ್ಮೆ ಡಾಕ್ಟರ ಪ್ಯಾಂಟು ಸಿಕ್ಕಿ ಅದನ್ನೇ ತೊಟ್ಟು ಮದುವೆಗೆ ಹೋಗಿ ಅಲ್ಲಿ ಆ ಡಾಕ್ಟರೇ ಎದುರಾದ ಕಥೆ ಹೇಳುತ್ತಿದ್ದಳು. ಮೊಮ್ಮಗಳು ನಗುತ್ತಿಲ್ಲವೆಂದು ತಡವಾಗಿ ಗಮನಕ್ಕೆ ಬಂತು. ಅವಳು ಕಥೆ ಕೇಳುತ್ತಲೇ ಇರಲಿಲ್ಲ. ಅಜ್ಜಿಯ ಮಡಿಲನ್ನೇ ನೋಡುತ್ತಿದ್ದಳು.

"ಏನೇ?"

"ಅಜ್ಜಿ, ನಿನ್ನ ಕೈ ನೋಡ್ಕೋ."

ಅಜ್ಜಿ ತಲೆ ತಗ್ಗಿಸಿದಳು. ಮಡಿಲಲ್ಲಿ ಬುಗುರಿಯ ಹಳದಿ ಸ್ವೆಟರು ಇತ್ತು. ತೋಳುಗಳು ಎದೆಯ ಮೇಲೆ ಗಂಟಾಗಿದ್ದವು, ಎರಡು ಸುತ್ತು, ಎಡದ ಮೇಲೆ ಬಲ. ಅವಳದೇ ಹೆಬ್ಬೆರಳು ತುದಿಯನ್ನು ಒಳಕ್ಕೆ ತುರುಕುತ್ತಿತ್ತು. ತುರುಕಿ ಮುಗಿಸಿ, ಅಂಗೈಯಿಂದ ಒಮ್ಮೆ ತಟ್ಟಿ, ಮುಂದಿನ ಬಟ್ಟೆಗೆ ಚಾಚಿತು. ಆ ಕೈ ಏನು ಮಾಡುತ್ತಿದೆಯೆಂಬ ಸುದ್ದಿಯೇ ಅವಳಿಗೆ ಬಂದಿರಲಿಲ್ಲ.

ಬಿಸಿಲು ಹಾಗೇ ಇತ್ತು. ಕೆಳಗೆ ಯಾರೋ ತರಕಾರಿ ಚೌಕಾಸಿ ಮಾಡುತ್ತಿದ್ದರು. ಅಜ್ಜಿ ತನ್ನ ಎರಡೂ ಕೈಗಳನ್ನು ಮೇಲೆತ್ತಿ, ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು.

"ಎಷ್ಟು ದಿನದಿಂದ?"

"ರಜೆ ಮುಗಿದಾಗಿಂದ. ಮಷೀನ್ ಕೆಡೋಕೆ ಮುಂಚಿಂದ್ಲೂ. ಟಿವಿ ನೋಡ್ತಾ ಕಟ್ತೀಯ, ಮಾತಾಡ್ತಾ ಕಟ್ತೀಯ. ಕಟ್ಟಿ ಮಷೀನೊಳಗೆ ಹಾಕಿರ್ತೀಯ. ಸ್ಕೂಲಿಂದ ಬಂದ ಕೂಡ್ಲೇ ನಾನು ಎಲ್ಲ ಬಿಚ್ಚಿಡ್ತೀನಿ, ಅಮ್ಮ ಬರೋದ್ರೊಳಗೆ."

"ಅದಕ್ಕೇನಾ ಸ್ಕೂಲ್ ಬಿಟ್ಟ ಮೇಲಿನ ಓಟದ ಅಭ್ಯಾಸ ಬಿಟ್ಟಿದ್ದು? ನಿಮ್ಮಮ್ಮ ದಿನಾ ಬೈತಾಳಲ್ಲ."

ಹುಡುಗಿ ಸ್ವೆಟರನ್ನು ಎಳೆದುಕೊಂಡು ಗಂಟನ್ನು ಹಲ್ಲಿನಿಂದ ಸಡಿಲಿಸತೊಡಗಿದಳು. ಎಷ್ಟು ಸಲ ಮಾಡಿದ ಕೆಲಸವೋ, ಸಲೀಸಾಗಿ ಬಿಚ್ಚಿಕೊಂಡಿತು.

"ಇನ್ನೇನು ಮಾಡಿದ್ದೀನಿ? ಹೇಳು."

"ಒಂದಿನ ಗ್ಯಾಸ್ ಬಿಟ್ಟಿತ್ತು. ಉರಿ ಇರ್ಲಿಲ್ಲ. ನಾನು ಆರ್ಸಿ ಕಿಟಕಿ ತೆಗ್ದೆ."

"ಬುಗುರಿ?"

"ಬೇಡ ಅಜ್ಜಿ."

"ಹೇಳೇ."

"ಬಾಗಿಲು ತೆಗ್ದಿತ್ತು. ಅವಳು ಎರಡನೇ ಮಹಡಿ ಮೆಟ್ಟಿಲ ಮೇಲೆ ಕೂತಿದ್ಲು, ಕಂಬಿ ಮಧ್ಯೆ ಕಾಲು ಇಳಿಬಿಟ್ಕೊಂಡು. ನಾನು ಎತ್ಕೊಂಡು ಒಳಗೆ ಬಂದೆ. ಬುಗುರಿ ಎಲ್ಲಿ ಅಂತ ಕೇಳಿದ್ರೆ ಮಲಗಿದ್ದಾಳೆ ಅಂದೆ ನೀನು. ನನ್ನ ಕಂಕುಳಲ್ಲೇ ಇದ್ಲು ಅವಳು. ನನ್ನ ಮುಖ ನೋಡ್ಕೊಂಡೇ ಅಂದೆ."

 ಸತ್ತುಹೋದ ಇಸ್ತ್ರಿಯವಳು ಬಂದು ಗಂಟು ಹಾಕುತ್ತಿದ್ದರೆ ಎಷ್ಟೋ ಲೇಸಿತ್ತು. ಅವಳನ್ನು ಬಾಗಿಲಾಚೆ ತಡೆಯಬಹುದಿತ್ತು.

"ಯಾರಿಗೂ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ನಿನ್ನನ್ನ ಅತ್ತೆ ಮನೆಗೆ ಕಳಿಸ್ತಾರೆ." ಈಗ ಹುಡುಗಿಯ ಕಣ್ಣಲ್ಲಿ ನೀರು. ಆದರೂ ವಾದ ಬಿಡಲಿಲ್ಲ. "ಈಗ ತೊಂದ್ರೆ ಇಲ್ಲ ಅಜ್ಜಿ. ಎಲ್ಲ ಮಷೀನ್ ಮೇಲೆ ಹೋಯ್ತಲ್ಲ. ಅಪ್ಪನೂ ತಪ್ಪಾಯ್ತು ಅಂದ್ರಲ್ಲ. ನಾನು ಬೇಗ ಬರ್ತೀನಿ, ದಿನಾ ಓಡ್ಕೊಂಡು ಬರ್ತೀನಿ. ನಾನು ನೋಡ್ಕೋತೀನಿ."

ಹದಿಮೂರು ವರ್ಷದ ಮುಖದಲ್ಲಿ ಕಣ್ಣ ಕೆಳಗೆ ಕಪ್ಪು ಕಟ್ಟಿರುವುದನ್ನು ಅಜ್ಜಿ ಅಂದು ಮೊದಲ ಸಲ ನೋಡಿದಳು. ಎಷ್ಟು ದಿನದಿಂದ ಇತ್ತೋ. ಅವಳನ್ನು ಎಳೆದು ಎದೆಗೊತ್ತಿಕೊಂಡಳು. ಅಪ್ಪಿಕೊಂಡ ತನ್ನ ಕೈಗಳು ಅವಳ ಬೆನ್ನ ಹಿಂದೆ ಏನು ಮಾಡುತ್ತಿವೆಯೋ ಎಂಬ ಭಯಕ್ಕೆ ತಕ್ಷಣ ಬಿಟ್ಟಳು.

ಸಂಜೆ ಊಟಕ್ಕೆ ಎಲ್ಲರೂ ಕೂತರು. ಮಗ ಯಾವುದೋ ಲಿಫ್ಟಿನಲ್ಲಿ ಸಿಕ್ಕಿಬಿದ್ದ ದಂಪತಿ ಅಲ್ಲೇ ಜಗಳವಾಡಿ ಅಲ್ಲೇ ರಾಜಿಯಾದದ್ದನ್ನು ಹೇಳುತ್ತಿದ್ದ. ಅವನು ಮುಗಿಸುವವರೆಗೆ ಅಜ್ಜಿ ಕಾದಳು.

"ಸೋಮವಾರದಿಂದ ಬುಗುರಿನ ಡೇ ಕೇರ್‌ಗೆ ಬಿಡಿ. ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

ಮಗನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಇದೇನಮ್ಮ? ಅದೆಲ್ಲ ಮುಗೀತಲ್ಲ. ಮಷೀನಿಂದೇ ತಪ್ಪು ಅಂತ ರಿಪೇರಿಯವನೇ ಹೇಳಿದ್ನಲ್ಲ."

"ಅವನು ಮಷೀನ್ ನೋಡ್ದ. ನನ್ನನ್ನ ನೋಡ್ಲಿಲ್ಲ."

ಊಟದ ಮೇಜಿಗೆ ತರಬಾರದ ಮಾತನ್ನು ಅವಳು ಅಂದು ತಂದಳು. ವಾರ್ಡಿನಿಂದ ಇಳಿಯುತ್ತಿದ್ದ ಬಟ್ಟೆ, ತೋಳಿನ ಗಂಟು, ಮಗನ ಅಂಗಿ, ಸೊಸೆಯ ಕೋಟು, ಫ್ರಾಕು, ಗ್ಯಾಸು, ಎರಡನೇ ಮಹಡಿಯ ಮೆಟ್ಟಿಲು, ಒಂದನ್ನೂ ಬಿಡಲಿಲ್ಲ. ದೊಡ್ಡವಳ ಕೆಲಸವನ್ನು ಮಾತ್ರ, "ಅವಳು ನೋಡಿದ್ದಾಳೆ, ಅವಳನ್ನ ಬೈಬಾರ್ದು," ಎಂಬಷ್ಟಕ್ಕೇ ಮುಗಿಸಿದಳು.

"ಸುಳ್ಳು," ಎಂದಳು ದೊಡ್ಡವಳು. ಅವಳ ದನಿ ಒಡೆಯಿತು. "ಅಜ್ಜಿ ಏನೂ ಮಾಡಿಲ್ಲ. ಮಷೀನೇ ಕಟ್ಟಿದ್ದು. ನಾನೇ ನೋಡಿದ್ದೀನಿ."

 ಸೊಸೆ ಮಗಳ ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ದಿನವಿಡೀ ಪರರ ಕಣ್ಣು ನೋಡುವವಳಿಗೆ ಮನೆಯ ಈ ಎರಡು ಕಣ್ಣು ತಪ್ಪಿಹೋಗಿದ್ದವು. ಎದ್ದು ಹೋಗಿ ಮಗಳ ಹೆಗಲ ಮೇಲೆ ಕೈಯಿಟ್ಟಳು.

ಅಷ್ಟರಲ್ಲಿ ಬುಗುರಿ ತನ್ನ ಕುರ್ಚಿಯಿಂದ ಜಾರಿ, ಮೇಜಿನಡಿಯಿಂದ ನುಸುಳಿ, ಎಂದಿನಂತೆ ಅಜ್ಜಿಯ ಮಡಿಲು ಹತ್ತಿ ಕೂತು, ಬಾಯಿ ತೆರೆದು ತುತ್ತಿಗೆ ಕಾದಳು. ಅಜ್ಜಿ ಅವಳ ತಲೆಯ ಮೇಲೆ ಮುಖವಿಟ್ಟು ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಎತ್ತಿ ಮಗನ ಕಡೆ ಚಾಚಿದಳು.

"ಹಿಡ್ಕೋಪ್ಪ."

"ಇರ್ಲಿ ಬಿಡಮ್ಮ. ನೀನೇ ತಿನ್ಸು," ಎಂದ ಮಗ. 

"ಹಿಡ್ಕೋ. ನೀವೆಲ್ಲ ಇದ್ದಾಗ ಕೊಡ್ತಿದ್ದೀನಿ."

ಅವನು ಮಗುವನ್ನು ತೆಗೆದುಕೊಂಡ. ಬುಗುರಿ ಅಳತೊಡಗಿತು, ಅಜ್ಜಿಯ ಕಡೆ ಕೈ ಚಾಚಿತು. ಅಜ್ಜಿ ತಿರುಗಿ ಚಾಚಲಿಲ್ಲ. ತನ್ನ ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ತಟ್ಟೆಯ ಆಚೀಚೆ ಮೇಜಿನ ಮೇಲಿಟ್ಟು, ಅವುಗಳ ಮೇಲೆ ಕಣ್ಣಿಟ್ಟು ಕೂತಳು.